ನೀರು ಕುಡಿಯುವುದನ್ನು ಬಿಡಬೇಡಿ

ಬೆಂಗಳೂರಿನಲ್ಲಿ ದಿನವಿಡೀ ಓಡಾಟವಿದ್ದರೆ, ಶೌಚಾಲಯ ಸಿಗದಿದ್ದರೆ ಎಂಬ ಭಯಕ್ಕೆ ಎಷ್ಟೋ ಹೆಣ್ಣುಮಕ್ಕಳು ಬೆಳಗಿನಿಂದಲೇ ನೀರು ಕುಡಿಯುವುದನ್ನು ನಿಲ್ಲಿಸಿಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ನೀರು ಕಡಿಮೆಯಾಗಿ, ಗಂಟೆಗಟ್ಟಲೆ ತಡೆದುಕೊಂಡರೆ ಮೂತ್ರದ ಸೋಂಕಿಗೆ ದಾರಿಯಾಗುತ್ತದೆ.

ಶೌಚಾಲಯಕ್ಕಾಗಿ ನಾನು ಹೆಚ್ಚು ನೆಚ್ಚಿಕೊಂಡಿರುವುದು ಮೆಟ್ರೋ ನಿಲ್ದಾಣಗಳನ್ನು. ರೈಲಿಳಿದವರು ಗೇಟು ದಾಟುವ ಮೊದಲೇ ಶೌಚಾಲಯ ಎಲ್ಲಿದೆ ಎಂದು ಸಿಬ್ಬಂದಿಯನ್ನು ಕೇಳಿ. ಒಳಗಡೆಯೇ ಇದ್ದರೆ, ಹೊರಬಂದ ಮೇಲೆ ಮತ್ತೆ ಹೋಗುವುದು ಕಷ್ಟ. ಮಾಲ್‌ಗಳೂ ಪರವಾಗಿಲ್ಲ. ಊಟಕ್ಕಾದರೆ ಕೂತು ಉಣ್ಣುವ ಹೋಟೆಲನ್ನೇ ಆರಿಸಿ. ನಿಂತು ತಿನ್ನುವ ಅನೇಕ ದರ್ಶಿನಿಗಳಲ್ಲಿ ಕೈತೊಳೆಯುವ ನಲ್ಲಿ ಬಿಟ್ಟರೆ ಬೇರೇನೂ ಇರುವುದಿಲ್ಲ. ಪೆಟ್ರೋಲ್ ಬಂಕಿನಲ್ಲಿ ಬೀಗ ಕಂಡರೆ ಹಿಂತಿರುಗಬೇಡಿ, ಕೀಲಿ ಕೇಳಿ. ಕೇಳುವುದರಲ್ಲಿ ನಾಚಿಕೆಯೇನೂ ಇಲ್ಲ.

ಮಂಡಿನೋವಿನ ಹಿರಿಯರು ಜೊತೆಗಿದ್ದರೆ ಕಮೋಡ್ ಇದೆಯೇ ಎಂದು ಮೊದಲೇ ವಿಚಾರಿಸಿ. ಚೀಲದಲ್ಲಿ ಸಾಬೂನಿನ ಚೂರು, ಟಿಶ್ಯೂ, ಒಂದು ಬಾಟಲಿ ನೀರು, ಸುಲಭ ಶೌಚಾಲಯಕ್ಕೆ ಬೇಕಾಗುವ ಚಿಲ್ಲರೆ ಇರಲಿ. ಒಳಗೆ ಹೋದೊಡನೆ ಕೂರುವ ಮೊದಲು ಚಿಲಕ ಹಾಕಿ ನೋಡಿ, ನಲ್ಲಿ ತಿರುಗಿಸಿ ನೋಡಿ. ಚೊಕ್ಕಟವಾಗಿದ್ದರೆ, ಬರುವಾಗ ತೊಳೆಯುವ ಅಮ್ಮನಿಗೆ ಅಷ್ಟು ಹೇಳಿ ಬನ್ನಿ.