ಹಾಗಾದರೆ ಮೂವರು ದೇವರೇ?

ಚರ್ಚಿಗೆ ಮೊದಲ ಸಲ ಬಂದವರು ಹೆಚ್ಚಾಗಿ ಕೇಳುವ ಪ್ರಶ್ನೆ ಇದು: ಪಿತ, ಸುತ, ಪವಿತ್ರಾತ್ಮ ಅನ್ನುತ್ತೀರಲ್ಲ, ಹಾಗಾದರೆ ನಿಮಗೆ ಮೂವರು ದೇವರೇ? ಒಳ್ಳೆಯ ಪ್ರಶ್ನೆ. ಹಲಗೆಯ ಮೇಲೆ ತ್ರಿಕೋನ ಬರೆದು ಉತ್ತರಿಸುವವರಿದ್ದಾರೆ. ನನಗೆ ಆ ಕ್ರಮ ಹಿಡಿಸುವುದಿಲ್ಲ. ಈ ನಂಬಿಕೆಯ ಬೇರು ಒಂದು ಘಟನೆಯಲ್ಲಿದೆ. ಅಲ್ಲಿಂದಲೇ ಶುರುಮಾಡೋಣ.

ಯೇಸುಸ್ವಾಮಿ ಯೆಹೂದಿ, ಅವರ ಶಿಷ್ಯರೂ ಯೆಹೂದಿಗಳೇ. ದೇವರು ಒಬ್ಬನೇ, ಬೇರೆ ಯಾರಿಗೂ ಅಡ್ಡಬೀಳಬಾರದು ಎಂದು ಹುಟ್ಟಿದಾಗಿನಿಂದ ಕೇಳಿ ಬೆಳೆದವರು. ಅಂಥವರ ಗುರುವನ್ನು ಶಿಲುಬೆಗೆ ಏರಿಸಲು ರೋಮನ್ ರಾಜ್ಯಪಾಲ ಪಿಲಾತ ಜೆರುಸಲೇಮಿನಲ್ಲಿ ಆಜ್ಞೆ ಕೊಟ್ಟ. ಶಿಲುಬೆಯೆಂದರೆ ಗುಲಾಮರಿಗೆ, ದಂಗೆಕೋರರಿಗೆ ಕೊಡುತ್ತಿದ್ದ ಅವಮಾನದ ಸಾವು. ಕಥೆ ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಮೂರನೆಯ ದಿನ ಅವರು ಎದ್ದುಬಂದರು, ನಾವೇ ಕಂಡೆವು ಎಂದು ಶಿಷ್ಯರು ಸಾರತೊಡಗಿದರು. ಸುದ್ದಿಯನ್ನು ಮೊದಲು ತಂದವರು ಸಮಾಧಿಗೆ ಹೋಗಿದ್ದ ಹೆಂಗಸರು. ನೀವಿದನ್ನು ನಂಬಲೇಬೇಕೆಂದು ನಾನು ಹೇಳುತ್ತಿಲ್ಲ. ಉಳಿದದ್ದೆಲ್ಲ ಇದರ ಮೇಲೆ ನಿಂತಿದೆ ಎಂಬುದನ್ನು ಗಮನಿಸಿ, ಸಾಕು. ಕ್ರಿಸ್ತರು ಎದ್ದಿಲ್ಲವಾದರೆ ನಮ್ಮ ವಿಶ್ವಾಸವೇ ವ್ಯರ್ಥವೆಂದು ಸಂತ ಪೌಲರು ಕೊರಿಂಥದವರಿಗೆ ಬರೆದ ಪತ್ರದಲ್ಲಿ ಮುಚ್ಚುಮರೆಯಿಲ್ಲದೆ ಹೇಳಿದ್ದಾರೆ. ಕ್ರಿಸ್‌ಮಸ್ಸಿನ ಸಡಗರ ಎಷ್ಟೇ ಇರಲಿ, ನಮ್ಮ ದೊಡ್ಡ ಹಬ್ಬ ಅವರು ಎದ್ದುಬಂದ ದಿನವಾದ ಈಸ್ಟರ್.

ಎದ್ದುಬಂದ ಯೇಸುವಿಗೆ ಶಿಷ್ಯರು ಪ್ರಾರ್ಥನೆ ಮಾಡತೊಡಗಿದರು. ಹಾಗೆಂದು ಒಬ್ಬನೇ ದೇವರನ್ನು ಬಿಟ್ಟೆವೆಂದು ಅವರಿಗೆ ಅನ್ನಿಸಲಿಲ್ಲ. ತಮಗೆ ಧೈರ್ಯ ತುಂಬಿ ನಡೆಸುತ್ತಿರುವುದು ದೇವರ ಆತ್ಮವೇ ಎಂದೂ ಅರಿತರು. ಹೀಗೆ ಬಾಳಿ ಕಂಡದ್ದನ್ನು ಮಾತಿಗೆ ತರಲು ಶತಮಾನಗಳೇ ಬೇಕಾದವು. ಅಲೆಕ್ಸಾಂಡ್ರಿಯಾದ ಪಾದ್ರಿ ಏರಿಯಸ್, ಸುತ, ಅಂದರೆ ಯೇಸು, ಎಷ್ಟೇ ಶ್ರೇಷ್ಠನಾದರೂ ಪಿತನಿಂದ ಸೃಷ್ಟಿಯಾದವನು ಎಂದ. ಕೇಳಲು ಸರಳವಾದ ಉತ್ತರ. ಆದರೆ 325ರಲ್ಲಿ, ಈಗಿನ ಟರ್ಕಿಯಲ್ಲಿರುವ ನೈಸಿಯಾದಲ್ಲಿ ಸೇರಿದ ಬಿಷಪ್ಪರು ಅದನ್ನು ಒಪ್ಪಲಿಲ್ಲ. ಸೃಷ್ಟಿಯಾದವನೇ ಸೃಷ್ಟಿಯನ್ನು ಉದ್ಧರಿಸಬಲ್ಲನೇ ಎಂಬುದು ಆ ಪಕ್ಷದ ಅಥನಾಸಿಯಸ್ ಮುಂದೆ ಜೀವಮಾನವಿಡೀ ಎತ್ತಿಹಿಡಿದ ವಾದ. ಪವಿತ್ರಾತ್ಮರ ವಿಷಯ 381ರ ಕಾನ್‌ಸ್ಟಾಂಟಿನೋಪಲ್ ಸಭೆಯಲ್ಲಿ ಇನ್ನಷ್ಟು ಸ್ಪಷ್ಟವಾಯಿತು. ದೈವತ್ವ ಒಂದೇ, ವ್ಯಕ್ತಿಗಳು ಮೂವರು. ಇದು ಪೂರ್ತಿ ಅರ್ಥವಾಗಲಿಲ್ಲವೆಂದು ಬೇಸರಪಡಬೇಡಿ. ಇದನ್ನು ರಹಸ್ಯವೆಂದೇ ಧರ್ಮಸಭೆ ಕರೆಯುತ್ತದೆ.

ಎರಡನೆಯ ಪ್ರಶ್ನೆ ಯೇಸುವಿನ ತಾಯಿ ಮರಿಯಮ್ಮನವರ, ಅಂದರೆ ಮೇರಿಯವರ ಕುರಿತದ್ದು. ಸೆಪ್ಟೆಂಬರ್ 8ರಂದು ಬೆಂಗಳೂರಿನ ಶಿವಾಜಿನಗರದ ಸಂತ ಮೇರಿ ಬಸಿಲಿಕಾದ ಜನಸಂದಣಿ ಕಂಡವರು, ಅದೇ ದಿನ ಮಂಗಳೂರಿನ ಮೊಂತಿ ಹಬ್ಬದಲ್ಲಿ ಮಕ್ಕಳು ಪುಟ್ಟ ಮೇರಿಗೆ ಹೂ ಅರ್ಪಿಸುವುದನ್ನು, ಮನೆಮನೆಯಲ್ಲಿ ಹೊಸ ಬೆಳೆಯ ಊಟವಾಗುವುದನ್ನು ಕಂಡವರು ಆಕೆಯೂ ದೇವರೇ ಎಂದುಕೊಳ್ಳುವುದು ಸಹಜ. ಕಥೋಲಿಕರ ಬೋಧನೆ ಹಾಗಿಲ್ಲ. ಆರಾಧನೆ ದೇವರಿಗೆ ಮಾತ್ರ. ತಾಯಿಗೆ ಗೌರವ ಸಲ್ಲಿಸಿ, ನಮ್ಮ ಪರವಾಗಿ ಮಗನಲ್ಲಿ ಬೇಡಿಕೊಳ್ಳಮ್ಮಾ ಎಂದು ಕೇಳುತ್ತೇವೆ. ಪ್ರಾಟೆಸ್ಟೆಂಟರು ಹಾಗೆ ಕೇಳುವುದಿಲ್ಲ, ನೇರವಾಗಿ ಕ್ರಿಸ್ತರಲ್ಲೇ ಬೇಡುತ್ತಾರೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರದು ಅದೇ ಪರಂಪರೆ. ಒಂದೇ ಊರಿನ ಒಂದು ಚರ್ಚಿನಲ್ಲಿ ಮಾತೆಯ ಮೂರ್ತಿ ಇದ್ದು ಇನ್ನೊಂದರಲ್ಲಿ ಇಲ್ಲದಿರುವುದು ಇದಕ್ಕೇ.

ಇನ್ನು ಬಲಿಪೂಜೆಯಲ್ಲಿ ಕೊಡುವ ಪರಮಪ್ರಸಾದ. ಅದನ್ನು ದೇವಸ್ಥಾನದ ಪ್ರಸಾದದಂತೆ ಬಂದವರಿಗೆಲ್ಲ ಹಂಚುವುದಿಲ್ಲ. ರೊಟ್ಟಿಯೂ ದ್ರಾಕ್ಷಾರಸವೂ ಕ್ರಿಸ್ತರ ಶರೀರ, ರಕ್ತವೇ ಆಗುತ್ತವೆಂದು ಕಥೋಲಿಕರು ನಂಬುವುದರಿಂದ, ದೀಕ್ಷಾಸ್ನಾನ ಪಡೆದು ಅದಕ್ಕೆ ಸಿದ್ಧರಾದವರು ಮಾತ್ರ ಸ್ವೀಕರಿಸುತ್ತಾರೆ. ಜನ ಸಾಲಾಗಿ ಎದ್ದಾಗ ನೀವು ಕುಳಿತಲ್ಲೇ ಇರಿ. ಅದರಲ್ಲಿ ಸಂಕೋಚಪಡುವಂಥದ್ದು ಏನೂ ಇಲ್ಲ.

ಬೈಬಲ್ ಓದುವ ಮನಸ್ಸಿದ್ದರೆ ಮೊದಲ ಪುಟದಿಂದ ಹಿಡಿಯಬೇಡಿ, ಯಾಜಕಕಾಂಡದ ವಿಧಿಗಳ ನಡುವೆ ದಣಿಯುತ್ತೀರಿ. ಯೇಸುವಿನ ಬಾಳನ್ನು ಹೇಳುವ ನಾಲ್ಕು ಶುಭಸಂದೇಶಗಳಲ್ಲಿ ಮಾರ್ಕನದು ಚಿಕ್ಕದು, 16 ಅಧ್ಯಾಯ, ಒಂದು ಸಂಜೆಯ ಓದು. ಅದನ್ನು ಮುಗಿಸಿ ಬನ್ನಿ. ಆಗ ನಿಮ್ಮಲ್ಲಿ ಏಳುವ ಪ್ರಶ್ನೆಗಳನ್ನು ಇನ್ನೂ ನಿಧಾನವಾಗಿ ಕುಳಿತು ಮಾತಾಡೋಣ.