ಬ್ಯಾಂಕಿನಲ್ಲಿ ಕಡಿತವಾದ ತೆರಿಗೆ: ರೈತರು ಹಿಂದಕ್ಕೆ ಪಡೆಯುವ ಬಗೆ

ಬೇಸಾಯದ ಆದಾಯಕ್ಕೆ ಕೇಂದ್ರ ಸರ್ಕಾರದ ಆದಾಯ ತೆರಿಗೆ ಇಲ್ಲವೆಂಬುದು ಎಲ್ಲ ರೈತರಿಗೂ ತಿಳಿದ ವಿಷಯ. ಆದರೆ ಅಡಿಕೆ ಅಥವಾ ಕಬ್ಬು ಮಾರಿದ ಹಣವನ್ನು ಬ್ಯಾಂಕಿನಲ್ಲಿ ಠೇವಣಿ ಇಟ್ಟಾಗ ಅದರ ಮೇಲೆ ಬರುವ ಬಡ್ಡಿ ಬೇಸಾಯದ ಆದಾಯವಲ್ಲ. ಅಸಲು ಹೊಲದಿಂದ ಬಂದದ್ದಾದರೂ ಬಡ್ಡಿ ಠೇವಣಿಯಿಂದ ಬಂದದ್ದು. ಈ ವ್ಯತ್ಯಾಸ ತಿಳಿಯದೆ ಪ್ರತಿ ವರ್ಷ ತಮಗೆ ಸಲ್ಲಬೇಕಾದ ಹಣವನ್ನು ಬಿಟ್ಟುಕೊಡುವ ರೈತರು ಉಂಟು.

ಕಡಿತ ಹೇಗೆ ಆಗುತ್ತದೆ?

2025ರ ಏಪ್ರಿಲ್ 1ರಿಂದ ಜಾರಿಗೆ ಬಂದ ಮಿತಿಯಂತೆ, ಒಂದು ಬ್ಯಾಂಕಿನಲ್ಲಿ ಠೇವಣಿಗಳ ವಾರ್ಷಿಕ ಬಡ್ಡಿ 50,000 ರೂ. ಮೀರಿದರೆ ಬ್ಯಾಂಕು ಶೇಕಡಾ 10ರಷ್ಟನ್ನು ಮುರಿದುಕೊಂಡು ಸರ್ಕಾರಕ್ಕೆ ಕಟ್ಟುತ್ತದೆ. ಅರವತ್ತು ವರ್ಷ ತುಂಬಿದವರಿಗೆ ಈ ಮಿತಿ 1,00,000 ರೂ. ಕಡಿತವಾಗುವುದು ಮಿತಿ ಮೀರಿದ ಭಾಗಕ್ಕಷ್ಟೇ ಅಲ್ಲ, ಪೂರ್ತಿ ಬಡ್ಡಿಗೆ. ಉದಾಹರಣೆಗೆ, 8 ಲಕ್ಷ ರೂ. ಠೇವಣಿಗೆ ವರ್ಷಕ್ಕೆ 56,000 ರೂ. ಬಡ್ಡಿ ಬಂದರೆ 5,600 ರೂ. ಕಡಿತವಾಗುತ್ತದೆ. ಪ್ಯಾನ್ ಸಂಖ್ಯೆ ಕೊಡದಿದ್ದರೆ, ಅಥವಾ ಆಧಾರ್ ಜೋಡಿಸದೆ ಪ್ಯಾನ್ ನಿಷ್ಕ್ರಿಯವಾಗಿದ್ದರೆ, ದರ ಶೇಕಡಾ 20. ಅಂದರೆ 11,200 ರೂ. ಬಡ್ಡಿ ಕೈಗೆ ಬಾರದೆ ಅಸಲಿಗೆ ಸೇರುವ ಠೇವಣಿಯಲ್ಲಿಯೂ ಪ್ರತಿ ವರ್ಷ ಕಡಿತ ಇದ್ದೇ ಇರುತ್ತದೆ. ಪಾಸ್ ಪುಸ್ತಕ ನೋಡುವ ರೂಢಿ ಇಲ್ಲದವರಿಗೆ ಇದು ತಿಳಿಯುವುದೇ ಇಲ್ಲ.

ಈ ಕಡಿತವು ಮುಂಗಡ ಜಮೆ ಮಾತ್ರ, ಅಂತಿಮ ತೆರಿಗೆಯಲ್ಲ. ವರ್ಷದ ಲೆಕ್ಕದಲ್ಲಿ ತೆರಿಗೆ ಬಾರದಿದ್ದರೆ ಪೂರ್ತಿ ಹಣ ಹಿಂದಕ್ಕೆ ಬರಬೇಕು.

ತೆರಿಗೆ ಬರುತ್ತದೆಯೇ ಎಂದು ನೋಡುವುದು

ಇಲ್ಲಿ ಸ್ವಲ್ಪ ಗಮನ ಬೇಕು. ಕೃಷಿಯೇತರ ಆದಾಯ ವಿನಾಯಿತಿ ಮಿತಿಯನ್ನು ದಾಟಿ, ನಿವ್ವಳ ಕೃಷಿ ಆದಾಯ 5,000 ರೂ. ಮೀರಿದ್ದರೆ, ದರ ಗೊತ್ತುಪಡಿಸಲು ಮಾತ್ರ ಎರಡನ್ನೂ ಕೂಡಿಸುತ್ತಾರೆ. ಒಬ್ಬ ರೈತನಿಗೆ 2025-26ರಲ್ಲಿ ಹೈನು ಮತ್ತು ಬಡ್ಡಿಯಿಂದ 6 ಲಕ್ಷ, ಬೆಳೆಯಿಂದ 5 ಲಕ್ಷ ರೂ. ನಿವ್ವಳ ಆದಾಯವಿತ್ತೆಂದು ಇಟ್ಟುಕೊಳ್ಳೋಣ. ಹೊಸ ಪದ್ಧತಿಯ ದರದಲ್ಲಿ 11 ಲಕ್ಷಕ್ಕೆ ತೆರಿಗೆ 50,000 ರೂ. ವಿನಾಯಿತಿ ಮಿತಿ 4 ಲಕ್ಷಕ್ಕೆ ಕೃಷಿ ಆದಾಯ 5 ಲಕ್ಷ ಸೇರಿಸಿದರೆ 9 ಲಕ್ಷ. ಅದಕ್ಕೆ ತೆರಿಗೆ 30,000 ರೂ. ಕಳೆದು ಉಳಿದ 20,000 ರೂ. ತೆರಿಗೆ. ಬೆಳೆಯ ಆದಾಯ ಇಲ್ಲದಿದ್ದರೆ ಇದು 10,000 ರೂ. ಮಾತ್ರ ಆಗುತ್ತಿತ್ತು.

ಇಷ್ಟಕ್ಕೆ ಗಾಬರಿಯಾಗಬೇಕಿಲ್ಲ. ತೆರಿಗೆಗೆ ಒಳಪಡುವ ಆದಾಯ 12 ಲಕ್ಷ ರೂ. ಮೀರದ ನಿವಾಸಿ ವ್ಯಕ್ತಿಗೆ 2025-26ರಲ್ಲಿ 60,000 ರೂ.ವರೆಗೆ ತೆರಿಗೆ ರಿಯಾಯಿತಿ ಇದೆ. ಈ 12 ಲಕ್ಷದಲ್ಲಿ ಕೃಷಿ ಆದಾಯ ಸೇರದು. ಆದುದರಿಂದ ಮೇಲಿನ ರೈತನ ತೆರಿಗೆ ಸೊನ್ನೆ. ಆದರೆ ಅವಿಭಕ್ತ ಕುಟುಂಬದ ಹೆಸರಿನ ಆದಾಯಕ್ಕೂ, ಷೇರು ಅಥವಾ ನಿವೇಶನ ಮಾರಿದ ವಿಶೇಷ ದರದ ಲಾಭಕ್ಕೂ ಈ ರಿಯಾಯಿತಿ ಸಿಗದು. ರಿಯಾಯಿತಿಯು ತೆರಿಗೆಯನ್ನು ಸೊನ್ನೆಗೆ ಇಳಿಸುತ್ತದೆಯೇ ಹೊರತು ಅದರಿಂದ ನಗದು ಬಾರದು. ಬ್ಯಾಂಕು ಮುರಿದುಕೊಂಡದ್ದು ಮಾತ್ರ ನಗದಾಗಿ ಬರುತ್ತದೆ.

ಯಾವುದು ಕೃಷಿ ಎಂಬುದರಲ್ಲಿಯೂ ತೊಡಕಿದೆ. ಸಸಿಮಡಿಯ ಸಸಿ ಮಾರಿದ್ದು ಕೃಷಿ ಆದಾಯ. ಹಾಲು, ಕೋಳಿ ಅಲ್ಲ. ಹಿಪ್ಪುನೇರಳೆ ಬೆಳೆದು ಹುಳು ಸಾಕಿ ಮಾರಿದ ಗೂಡಿನ ಆದಾಯ ಕೃಷಿಯದಲ್ಲವೆಂದು ಸುಪ್ರೀಂ ಕೋರ್ಟು 1999ರಲ್ಲಿ ತೀರ್ಪಿತ್ತಿತು. ಹುಳು ತಿಂದದ್ದು ಹೊಲದ ಸೊಪ್ಪೇ ಆದರೂ ಗೂಡು ಕಟ್ಟಿದ್ದು ಹುಳು ಎಂಬುದು ಅದರ ತರ್ಕ. ರೇಷ್ಮೆ ಬೆಳೆಗಾರರಿಗೆ ಇದು ರುಚಿಸದಿರಬಹುದು, ಆದರೆ ಲೆಕ್ಕ ಹಾಗೆಯೇ ಇಡಬೇಕು.

ಹಣ ಹಿಂದಕ್ಕೆ ಪಡೆಯುವುದು

ಬ್ಯಾಂಕು ತಾನಾಗಿ ಹಿಂದಿರುಗಿಸದು. ಆದಾಯದ ವಿವರಪಟ್ಟಿ ಸಲ್ಲಿಸಲೇಬೇಕು. 26ಎಎಸ್ ಎಂದು ಹೆಸರಾದ ತೆರಿಗೆ ಜಮಾ ಪಟ್ಟಿಯಲ್ಲಿ ಮೊದಲು ಕಡಿತದ ಮೊತ್ತವನ್ನು ತಾಳೆ ನೋಡಬೇಕು. ಮಾರ್ಚ್‌ಗೆ ಮುಗಿಯುವ ತ್ರೈಮಾಸಿಕದ ಲೆಕ್ಕ ಕೊಡಲು ಬ್ಯಾಂಕಿಗೆ ಮೇ 31ರವರೆಗೆ ಅವಕಾಶವಿರುವುದರಿಂದ ಏಪ್ರಿಲ್‌ನಲ್ಲೇ ಅವಸರಪಟ್ಟು ಪ್ರಯೋಜನವಿಲ್ಲ. ಜಂಟಿ ಖಾತೆಯಲ್ಲಿ ಜಮೆ ಸಾಮಾನ್ಯವಾಗಿ ಮೊದಲ ಹೆಸರಿನವರಿಗೆ ಹೋಗುತ್ತದೆ. ತೀರಿಕೊಂಡ ತಂದೆಯ ಹೆಸರಿನಲ್ಲೇ ಮುಂದುವರಿದ ಠೇವಣಿಯ ಕಡಿತವೂ ಅವರ ಪ್ಯಾನ್‌ಗೇ ಸೇರುತ್ತದೆ. ಖಾತೆ ಬದಲಾಯಿಸಿಕೊಳ್ಳದೆ ಮಗ ಅದನ್ನು ಕೇಳಹೊರಟರೆ ತಾಪತ್ರಯವೇ. ಪ್ಯಾನ್ ಕೊಡದೆ ಆದ ಕಡಿತವಂತೂ ಯಾರ ಹೆಸರಿಗೂ ಕಾಣಿಸದು.

ಕೃಷಿ ಆದಾಯ 5,000 ರೂ. ಮೀರಿದವರಿಗೆ ‘ಸಹಜ್’ ಎಂಬ ಸರಳ ನಮೂನೆ ಸಲ್ಲದು. 1961ರ ಕಾಯಿದೆಯಡಿ ಬಡ್ಡಿ ಮಾತ್ರ ಇರುವವರಿಗೆ 2ನೆಯ, ಹೈನಿನಂತಹ ವ್ಯವಹಾರ ಇರುವವರಿಗೆ 3ನೆಯ ನಮೂನೆ. ಸಲ್ಲಿಸಿದ 30 ದಿನದೊಳಗೆ ಅದನ್ನು ದೃಢೀಕರಿಸದಿದ್ದರೆ ಸಲ್ಲಿಸದಂತೆಯೇ ಸರಿ. ಗಡುವು ತಪ್ಪಿದವರು ಡಿಸೆಂಬರ್ 31ರೊಳಗೆ ತಡವಾಗಿಯಾದರೂ ಸಲ್ಲಿಸಿ ಹಣ ಕೇಳಬಹುದು.

ಕಡಿತವೇ ಆಗದಂತೆ ನೋಡಿಕೊಳ್ಳಲು, ತೆರಿಗೆ ಬಾರದೆಂದು ಖಚಿತವಿದ್ದವರು ವರ್ಷದ ಆರಂಭದಲ್ಲೇ ಬ್ಯಾಂಕಿಗೆ ಘೋಷಣೆ ಕೊಡಬಹುದು. 1961ರ ಕಾಯಿದೆಯಲ್ಲಿ ಇದಕ್ಕೆ 15ಜಿ, ಹಿರಿಯರಿಗೆ 15ಎಚ್ ಎಂಬ ಹೆಸರಿತ್ತು. 2025ರ ಹೊಸ ಕಾಯಿದೆ 2026ರ ಏಪ್ರಿಲ್ 1ರಿಂದ ಅನ್ವಯವಾಗುವುದರಿಂದ ಆ ಬಳಿಕದ ಬಡ್ಡಿಗೆ ಹೊಸ ನಮೂನೆಯನ್ನೇ ಬ್ಯಾಂಕಿನಲ್ಲಿ ಕೇಳಿ ಪಡೆಯತಕ್ಕದ್ದು. ಇದನ್ನು ಪ್ರತಿ ವರ್ಷವೂ, ಠೇವಣಿ ಇರುವ ಪ್ರತಿ ಬ್ಯಾಂಕಿಗೂ ಬೇರೆಯಾಗಿ ಕೊಟ್ಟು ಸ್ವೀಕೃತಿ ಪಡೆದಿಟ್ಟುಕೊಳ್ಳಬೇಕು.