ಯಾವ ಎಂಜಿನ್ ನಿಂತಿದೆ, ಮೊದಲು ನೋಡು

ತಮ್ಮಾ, ಮುಂದಿನ ವಾರ ನಿನ್ನ ಟೈಪ್ ರೇಟಿಂಗ್‌ನ ಮೌಖಿಕ ಪರೀಕ್ಷೆಯಂತೆ. ಹಳೆಯ ಪ್ರಶ್ನೆಗಳ ಕಟ್ಟು ಇಷ್ಟರಲ್ಲಿ ನಿನ್ನ ಕೈ ಸೇರಿರುತ್ತದೆ. ಟಾರ್ಕ್ ಮಿತಿ, ತಾಪಮಾನದ ಕೆಂಪು ಗೆರೆ, ಹೈಡ್ರಾಲಿಕ್ ಒತ್ತಡ ಎಲ್ಲ ಬಾಯಿಪಾಠ ಇರಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅಂಕಿ ಒಪ್ಪಿಸಿದ ಮೇಲೆ ಪರೀಕ್ಷಕರು 'ಯಾಕೆ?' ಎನ್ನುತ್ತಾರಲ್ಲ, ನಿನ್ನ ಓದು ಅದಕ್ಕಾಗಿ ಇರಲಿ.

ಕಿಂಗ್ ಏರ್‌ನ ಪಿಟಿ6 ಎಂಜಿನ್ನನ್ನೇ ತಗೋ. ಪ್ರೊಪೆಲರ್ ಅಲಗುಗಳನ್ನು ಫೈನ್ ಪಿಚ್‌ಗೆ ತಳ್ಳುವುದು ಎಣ್ಣೆಯ ಒತ್ತಡ. ಫೆದರ್ ಕಡೆಗೆ ತಿರುಗಿಸುವುದು ಸ್ಪ್ರಿಂಗ್ ಮತ್ತು ಕೌಂಟರ್‌ವೇಟ್. ಇದು ತಲೆಯಲ್ಲಿ ಕೂತರೆ, ಎಣ್ಣೆಯ ಒತ್ತಡ ಹೋದಾಗ ಅಲಗು ಎತ್ತ ತಿರುಗುತ್ತದೆಂದು ಯಾರೂ ಹೇಳಿಕೊಡಬೇಕಿಲ್ಲ. ನಿಂತ ಎಂಜಿನ್ನಿನ ಪ್ರೊಪೆಲರ್ ಫೆದರ್ ಆಗದಿದ್ದರೆ ಗಾಳಿಗೆ ಅಡ್ಡವಾಗಿ ವಿಮಾನವನ್ನು ಆ ಬದಿಗೆ ಎಳೆಯುತ್ತದೆ. ಆಟೋಫೆದರ್ ಇರುವುದೇ ಅದಕ್ಕೆ.

ಆ ಆಟೋಫೆದರ್ ಬೇಡದ ಹೊತ್ತಿನಲ್ಲಿ ಕೆಲಸ ಮಾಡಿದರೆ? 2015ರ ಫೆಬ್ರುವರಿ 4ರಂದು ತೈಪೆಯಿಂದ ಹೊರಟ ಟ್ರಾನ್ಸ್‌ಏಷ್ಯಾದ ಎಟಿಆರ್ 72ರಲ್ಲಿ ಆದದ್ದು ಇದೇ. 2ನೇ ಎಂಜಿನ್ ಕೆಟ್ಟಿರಲಿಲ್ಲ. ಸಂಕೇತ ಕೊಡುವ ಘಟಕದ ದೋಷದಿಂದ ಅದರ ಪ್ರೊಪೆಲರ್ ಫೆದರ್ ಆಯಿತು. ಕ್ಯಾಪ್ಟನ್ ಹಿಂದಕ್ಕೆಳೆದು ಕೊನೆಗೆ ಆರಿಸಿದ್ದು ಚೆನ್ನಾಗಿ ಓಡುತ್ತಿದ್ದ 1ನೇ ಎಂಜಿನ್ನನ್ನು. ತಪ್ಪು ತಿಳಿಯುವಷ್ಟರಲ್ಲಿ ಎತ್ತರವೇ ಉಳಿದಿರಲಿಲ್ಲ. 58 ಮಂದಿಯಲ್ಲಿ 43 ಮಂದಿ ಕೀಲುಂಗ್ ನದಿಯ ಪಾಲಾದರು. ಆಮೇಲೆ ಅಲ್ಲಿನ ವಿಮಾನಯಾನ ಇಲಾಖೆ ಅದೇ ಕಂಪನಿಯ ಎಟಿಆರ್ ಪೈಲಟ್‌ಗಳನ್ನು ಎಂಜಿನ್ ವೈಫಲ್ಯದ ಬಗ್ಗೆ ಮೌಖಿಕವಾಗಿ ಪರೀಕ್ಷಿಸಿದಾಗ 10 ಮಂದಿ ಫೇಲಾದರು. ಲೈಸೆನ್ಸ್ ಇದ್ದವರು, ದಿನವೂ ಜನರನ್ನು ಕೂರಿಸಿಕೊಂಡು ಹಾರುತ್ತಿದ್ದವರು! ನೆನೆದರೆ ಇಂದಿಗೂ ನನಗೆ ಸಂಕಟವಾಗುತ್ತದೆ.

ಅದಕ್ಕೇ ಹೇಳುತ್ತೇನೆ, ಕೈ ಅವಸರ ಪಡದಿರಲಿ. ರಡ್ಡರ್ ಒತ್ತಿದಾಗ ಯಾವ ಕಾಲಿಗೆ ಕೆಲಸವಿಲ್ಲವೋ ಆ ಕಡೆಯ ಎಂಜಿನ್ ನಿಂತಿದೆ ಎನ್ನುವುದು ಒಳ್ಳೆಯ ಸೂಚನೆ, ಆದರೆ ಅದೊಂದೇ ಸಾಲದು. ಟಾರ್ಕ್ ನೋಡು. ಲಿವರ್ ಮೇಲೆ ಕೈಯಿಟ್ಟು ಯಾವುದೆಂದು ಬಾಯಿಬಿಟ್ಟು ಹೇಳು. ಜೊತೆಯ ಪೈಲಟ್ ನೋಡಿ ಹೌದೆಂದ ಮೇಲೆ ಎಳೆ. ಅಷ್ಟು ಹೊತ್ತೂ ವಿಮಾನದ ವೇಗ ಕೈತಪ್ಪದಂತೆ ಹಾರಿಸುತ್ತಲೇ ಇರು. ಚೆಕ್‌ಲಿಸ್ಟ್ ಅದಕ್ಕಿಂತ ದೊಡ್ಡದಲ್ಲ.

ನಮ್ಮ ಬಿಡದಿಯ ಹತ್ತಿರ 2009ರ ಮಾರ್ಚ್ 6ರಂದು ಸರಸ್ ವಿಮಾನ ಬಿದ್ದು ಮೂವರು ತೀರಿಕೊಂಡದ್ದನ್ನೂ ಓದಿಕೋ. ಹಾರಾಟದಲ್ಲಿ ಎಂಜಿನ್ ಆರಿಸಿ ಮತ್ತೆ ಹೊತ್ತಿಸುವ ಪರೀಕ್ಷೆ ಅದು. ಹೊತ್ತಿಸುವ ಕ್ರಮವೇ ತಪ್ಪಾಗಿತ್ತು, ಎತ್ತರವೂ ಸಾಲದಾಗಿತ್ತು ಎಂದು ತನಿಖೆ ಹೇಳಿತು. ಬರೆದುಕೊಟ್ಟ ಕ್ರಮದ ಒಂದೊಂದು ಹೆಜ್ಜೆಗೂ ಕಾರಣ ಹುಡುಕಬೇಕಾದದ್ದು ಇದಕ್ಕೇ.

ಇವತ್ತು ರಾತ್ರಿ ಪ್ರಶ್ನೆಗಳ ಕಟ್ಟನ್ನು ಪಕ್ಕಕ್ಕಿಡು. ಬಿಳಿ ಹಾಳೆಯ ಮೇಲೆ ನಿನ್ನ ವಿಮಾನದ ಪ್ರೊಪೆಲರ್‌ಗೆ ಎಣ್ಣೆ ಹೋಗುವ ದಾರಿಯನ್ನು ಮ್ಯಾನ್ಯುಯಲ್ ನೋಡದೆ ಬರೆ. ಎಲ್ಲಿ ಪೆನ್ನು ನಿಲ್ಲುತ್ತದೋ ಅಲ್ಲಿಂದ ಓದು ಶುರುಮಾಡು.